ಕಾಲು ಡಾಲರಿನ ಅರಮನೆ



ಅರಮನೆ ಎಂದೊಡನೆ ನಮ್ಮ ಮನಸ್ಸಿಗೆ ಎರಡು ಸಂಗತಿಗಳು ಹೊಳೆಯುತ್ತವೆ. ಒಂದು ಅದರ ವೈಭವ, ಇನ್ನೊಂದು ಅದರ ಬಾಗಿಲು. ವೈಭವವು ಎಲ್ಲರ ಕಣ್ಣಿಗೂ ಬೀಳತಕ್ಕದ್ದು; ಬಾಗಿಲಾದರೋ ಎಲ್ಲರಿಗೂ ತೆರೆಯತಕ್ಕದ್ದಲ್ಲ. ಹೊರಗೆ ನಿಂತು ದೀಪಗಳ ಸಾಲನ್ನು ನೋಡಿ, ಸಂತೋಷಪಟ್ಟು, ಮನೆಗೆ ಹಿಂದಿರುಗುವುದು ಲೋಕದಲ್ಲೆಲ್ಲ ಸಾಮಾನ್ಯ ಜನರ ಪಾಡಾಗಿ ಬಂದಿದೆ. ಆದರೆ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ರಾಜರೇ ಇಲ್ಲದ ಒಂದು ದೇಶದಲ್ಲಿ, ಬೇರೊಂದು ಬಗೆಯ ಅರಮನೆಗಳು ಒಂದರ ಹಿಂದೊಂದು ಎದ್ದವು. ಬಾಗಿಲಲ್ಲಿ ಕಾಲು ಡಾಲರನ್ನೋ ಅರ್ಧ ಡಾಲರನ್ನೋ ಕೊಟ್ಟವನು ಒಳಗೆ ಹೋಗಿ, ವಿಶಾಲವಾದ ಮೆಟ್ಟಲುಗಳನ್ನು ಹತ್ತಿ, ಮಖಮಲ್ಲಿನ ಕುರ್ಚಿಯಲ್ಲಿ ಎರಡು ಮೂರು ಗಂಟೆಗಳ ಕಾಲ ಅರಸನಂತೆ ಕುಳಿತು ಬರಬಹುದಾಗಿತ್ತು. ಅವು ಅಮೆರಿಕ ಸಂಯುಕ್ತ ಸಂಸ್ಥಾನಗಳ ಚಲಚ್ಚಿತ್ರ ಮಂದಿರಗಳು. ಆ ದೇಶದವರೇ ಅವನ್ನು 'ಮೂವಿ ಪ್ಯಾಲೆಸ್', ಎಂದರೆ ಚಿತ್ರದರಮನೆ, ಎಂದು ಕರೆದರು. ಅವುಗಳ ಕಥೆಯನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಂಡುಬಿಡುವುದು ಮೇಲು. ಕಾಲೇಜಿನಲ್ಲಿ ಇಂಗ್ಲೀಷು ಸಾಹಿತ್ಯವನ್ನು ಪಾಠ ಹೇಳತಕ್ಕ ನಮ್ಮಂಥವರಿಗೆ ರಸ್ಕಿನ್ ಪಂಡಿತನ ಭಯ ಸ್ವಲ್ಪ ಇದ್ದೇ ಇರುತ್ತದೆ. ಆತನು ೧೮೪೯ರಲ್ಲಿ ವಾಸ್ತುಶಿಲ್ಪಕ್ಕೆ ಏಳು ದೀಪಗಳನ್ನು ಹಚ್ಚಿಟ್ಟು, ಎರಡನೆಯದಕ್ಕೆ ಸತ್ಯವೆಂದು ಹೆಸರಿಟ್ಟನು. ಮರಕ್ಕೆ ಬಣ್ಣ ಬಳಿದು ಅಮೃತಶಿಲೆಯೆಂದು ತೋರಿಸುವುದು ಆತನ ದೃಷ್ಟಿಯಲ್ಲಿ ಬರಿಯ ಕೆಟ್ಟ ಅಭಿರುಚಿಯಲ್ಲ, ಸುಳ್ಳು. ಆದಕಾರಣ ಈ ಚಿತ್ರದರಮನೆಗಳ ಛಾಯಾಚಿತ್ರಗಳನ್ನು ಮೊದಲ ಸಲ ನೋಡಿದಾಗ ನಾವು ಮೂಗು ಮುರಿದೆವು. ಗಚ್ಚಿನಲ್ಲಿ ಅಚ್ಚು ಹೊಯ್ದ ದೇವತೆಗಳು, ಬಣ್ಣ ಕೊಟ್ಟು ಅಮೃತಶಿಲೆಯಾಗಿಸಿದ ಕಂಬಗಳು, ಚಿನ್ನದ ನೀರು ಕುಡಿಸಿದ ಬಳ್ಳಿಗಳು. ಗಿಲೀಟಿನ ಒಡವೆಯೆಂದು ಹೇಳಿ ಪುಸ್ತಕವನ್ನು ಮುಚ್ಚಿಟ್ಟೆವು. ಮುಂದೆ ಓದುತ್ತ ಹೋದಂತೆ ತೀರ್ಪು ಅಷ್ಟು ಸುಲಭವಲ್ಲವೆಂದು ತೋರಿತು. ಗಿಲೀಟು ಗಿಲೀಟೇ ಸರಿ. ಆದರೆ ಅದನ್ನು ಯಾರಿಗೋಸ್ಕರ ಮಾಡಿದರು, ಏತಕ್ಕೋಸ್ಕರ ಮಾಡಿದರು ಎಂಬುದನ್ನೂ ವಿಚಾರಿಸಬೇಕಲ್ಲವೆ?

ಅರಮನೆಯನ್ನು ನೋಡುವುದಕ್ಕೆ ಮುಂಚೆ ಅದಕ್ಕೂ ಹಿಂದಿನ ಗುಡಿಸಲನ್ನು ನೋಡೋಣ. ೧೯೦೫ನೆಯ ಇಸವಿಯ ಜೂನ್ ತಿಂಗಳಲ್ಲಿ, ಪಿಟ್ಸ್‌ಬರ್ಗ್ ನಗರದ ಸ್ಮಿತ್‌ಫೀಲ್ಡ್ ಬೀದಿಯಲ್ಲಿ, ಹ್ಯಾರಿ ಡೇವಿಸ್, ಜಾನ್ ಹ್ಯಾರಿಸ್ ಎಂಬಿಬ್ಬರು ಒಂದು ಅಂಗಡಿಯ ಮಳಿಗೆಯಲ್ಲಿ ನೂರಕ್ಕೂ ಕಡಮೆ ಕುರ್ಚಿಗಳನ್ನು ಹಾಕಿಸಿ ಚಲಚ್ಚಿತ್ರಗಳನ್ನು ತೋರಿಸತೊಡಗಿದರು. ಪ್ರವೇಶಕ್ಕೆ ಐದು ಸೆಂಟು. ಆ ನಾಣ್ಯಕ್ಕೆ ನಿಕಲ್ ಎಂದು ಹೆಸರು. ಗ್ರೀಕರ ಗಾಯನಶಾಲೆಗೆ ಓಡಿಯನ್ ಎಂದು ಹೆಸರು. ಎರಡನ್ನೂ ಕೂಡಿಸಿ 'ನಿಕಲೋಡಿಯನ್' ಎಂಬ ಬೋರ್ಡನ್ನು ಹಾಕಿದರು. ಕೆಲವೇ ವರ್ಷಗಳಲ್ಲಿ ಇಂಥ ಮಳಿಗೆಗಳು ದೇಶದ ಉದ್ದಗಲಕ್ಕೂ ಸಾವಿರಗಟ್ಟಲೆಯಾಗಿ ಹಬ್ಬಿದವು. ಅಲ್ಲಿಗೆ ಬರುತ್ತಿದ್ದವರು ಬಹುಮಟ್ಟಿಗೆ ಕಾರಖಾನೆಯ ಕೂಲಿಗಾರರು, ಯೂರೋಪಿನಿಂದ ಹೊಸದಾಗಿ ಬಂದು ಇಳಿದ ಬಡವರು. ಅವರಲ್ಲಿ ಎಷ್ಟೋ ಮಂದಿಗೆ ಇಂಗ್ಲೀಷು ಬಾರದು. ಮೂಕಚಿತ್ರಕ್ಕೆ ಭಾಷೆಯ ಹಂಗಿಲ್ಲವಷ್ಟೆ. ಆದರೆ ಕೊಠಡಿ ಕತ್ತಲೆ, ಗಾಳಿ ಇಲ್ಲ, ಆ ಕಾಲದ ಫಿಲ್ಮಾದರೋ ಕಿಡಿ ಸೋಕಿದರೆ ಭುಗಿಲೆಂದು ಹತ್ತಿಕೊಳ್ಳತಕ್ಕದ್ದು. ಮಾನವಂತರು ಅತ್ತ ಸುಳಿಯುತ್ತಿರಲಿಲ್ಲ. ಹೋದವರೂ ಹೋದೆವೆಂದು ಹೇಳಿಕೊಳ್ಳಲು ನಾಚುತ್ತಿದ್ದರು.

ಈ ನಾಚಿಕೆಯೇ ಚಿತ್ರದರಮನೆಗಳ ಅಸ್ತಿವಾರದ ಕಲ್ಲೆಂದು ನಮ್ಮ ಅಭಿಪ್ರಾಯ. ವ್ಯಾಪಾರಿಗಳು ಒಂದು ಸೂಕ್ಷ್ಮವನ್ನು ಕಂಡುಕೊಂಡರು. ಚಿತ್ರ ಎಲ್ಲಿ ತೋರಿಸಿದರೂ ಅದೇ ಚಿತ್ರ; ಅದರ ಮರ್ಯಾದೆಯನ್ನು ಏರಿಸಬೇಕಾದರೆ ಅದು ಇರುವ ಮನೆಯ ಮರ್ಯಾದೆಯನ್ನು ಏರಿಸಬೇಕು. ಸ್ಕಾಟ್ಲೆಂಡಿನ ಡಂಡೀ ಎಂಬ ಊರಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲಸಿದ ಥಾಮಸ್ ಲ್ಯಾಂಬ್ ಎಂಬ ವಾಸ್ತುಶಿಲ್ಪಿ, ೧೯೧೩ರಲ್ಲಿ ಆ ನಗರದ ೧೧೬ನೆಯ ಬೀದಿಯಲ್ಲಿ ರೀಜೆಂಟ್ ಎಂಬ ಮಂದಿರವನ್ನೂ, ಮರುವರ್ಷ ಬ್ರಾಡ್‌ವೇ ರಸ್ತೆಯಲ್ಲಿ ಸುಮಾರು ಮೂರು ಸಾವಿರ ಆಸನಗಳುಳ್ಳ ಸ್ಟ್ರ್ಯಾಂಡ್ ಎಂಬ ಮಂದಿರವನ್ನೂ ಕಟ್ಟಿದನು. ಚಲಚ್ಚಿತ್ರವು ಮಳಿಗೆಯನ್ನು ಬಿಟ್ಟು ಸೌಧಕ್ಕೆ ಬಂದದ್ದು ಹೀಗೆ.

ಈ ಎರಡು ಮಂದಿರಗಳ ಆಡಳಿತವನ್ನೂ ನಡೆಸಿ ಹೆಸರು ಪಡೆದವನು ಸ್ಯಾಮ್ಯುಅಲ್ ರಾಥಫೆಲ್. ಜನ ಅವನನ್ನು ಮುದ್ದಿನಿಂದ 'ರಾಕ್ಸಿ' ಎಂದು ಕರೆದರು. ಪೆನ್ಸಿಲ್ವೇನಿಯ ಪ್ರಾಂತದ ಒಂದು ಸಣ್ಣ ಊರಿನಲ್ಲಿ, ಹೆಂಡದಂಗಡಿಯ ಹಿಂದಣ ಕೊಠಡಿಯಲ್ಲಿ, ಈತನು ಚಿತ್ರ ತೋರಿಸುವ ಕಸುಬನ್ನು ಮೊದಲುಮಾಡಿದನು. ಚಿತ್ರಕ್ಕೆ ಒಳ್ಳೆಯ ವಾದ್ಯವೃಂದ, ಹಿತವಾದ ಬೆಳಕು, ಬಂದವರಿಗೆ ಗೌರವದ ಸ್ವಾಗತ, ಇವು ಮೂರೂ ಕೂಡಿರಬೇಕೆಂಬುದು ಅವನ ಹಟ. ಈಗ ನಮ್ಮ ಈ ಮಾತನ್ನು ತಮ್ಮ ಮನೆಗೆ ತಲಪಿಸುತ್ತಿರುವ ರೇಡಿಯೋಗೂ ಆತನಿಗೂ ನಂಟುಂಟು. ೧೯೨೨ರಿಂದ ನ್ಯೂಯಾರ್ಕಿನ ಕ್ಯಾಪಿಟಲ್ ಚಿತ್ರಮಂದಿರದ ಸಂಗೀತವನ್ನು ಆತನು ರೇಡಿಯೋ ಮೂಲಕ ಪ್ರಸಾರಮಾಡಿಸಿ, ಆ ಮಂದಿರವನ್ನು ಕಣ್ಣಾರೆ ಕಾಣದ ಲಕ್ಷಾಂತರ ಜನಕ್ಕೆ ಆಪ್ತನಾದನು. ೧೯೨೭ರ ಮಾರ್ಚಿಯಲ್ಲಿ ಅವನ ಹೆಸರನ್ನೇ ಹೊತ್ತ ರಾಕ್ಸಿ ಮಂದಿರವು ತೆರೆಯಿತು. ಆಸನಗಳು ಸುಮಾರು ೫,೯೦೦. ವಾದ್ಯಗಾರರು ೧೧೦ ಮಂದಿ. ನೋಡಲು ಬಂದವರಿಗೆ ಆಯಾಸವಾದರೆ ಉಪಚರಿಸಲು ಒಳಗೇ ಒಂದು ಚಿಕಿತ್ಸಾಲಯ. ಚಲಚ್ಚಿತ್ರದ ಮಹಾ ದೇವಾಲಯವೆಂದು ಅದನ್ನು ಸಾರಿದರು.

ಇಂಥ ಒಂದು ಮಂದಿರದೊಳಕ್ಕೆ ನಾವೂ ತಾವೂ ಕೂಡಿಯೇ ಹೋಗಿಬರೋಣ. ಷಿಕಾಗೋ ನಗರದಲ್ಲಿ ೧೯೨೧ರ ಅಕ್ಟೋಬರಿನಲ್ಲಿ ತೆರೆದ ಷಿಕಾಗೋ ಥಿಯೇಟರನ್ನೇ ಆರಿಸಿಕೊಳ್ಳಬಹುದು. ಕಾರ್ನೀಲಿಯಸ್ ರ‍್ಯಾಪ್, ಜಾರ್ಜ್ ರ‍್ಯಾಪ್ ಎಂಬ ಸೋದರರು ಅದರ ಶಿಲ್ಪಿಗಳು; ಬಾಲಬನ್ ಮತ್ತು ಕಾಟ್ಸ್ ಎಂಬ ಕೂಟದವರು ಮಾಲೀಕರು. ಬೀದಿಯಲ್ಲಿ ದೂರದಿಂದಲೇ, ಹಲವು ಅಂತಸ್ತುಗಳೆತ್ತರಕ್ಕೆ ನೆಟ್ಟಗೆ ನಿಂತು ಉರಿಯುವ ದೀಪಾಕ್ಷರಗಳು ಕರೆಯುತ್ತವೆ. ಮುಂಭಾಗದ ಕಮಾನು ಪ್ಯಾರಿಸಿನ ವಿಜಯದ್ವಾರವನ್ನು ನೆನಪಿಗೆ ತರುತ್ತದೆ. ಒಳಗೆ ಕಾಲಿಟ್ಟರೆ ಐದು ಅಂತಸ್ತುಗಳೆತ್ತರದ ಮೊಗಸಾಲೆ. ವರ್ಸೇಲ್ಸ್ ಅರಮನೆಯಲ್ಲಿ ಫ್ರಾನ್ಸಿನ ದೊರೆಗಳು ಪ್ರಾರ್ಥಿಸುತ್ತಿದ್ದ ಗುಡಿ ಇದಕ್ಕೆ ಮಾದರಿ. ಮಹಾಸೋಪಾನಕ್ಕೆ ಪ್ಯಾರಿಸಿನ ಸಂಗೀತನಾಟಕಶಾಲೆಯ ಸೋಪಾನವು ಮಾದರಿ. ಇಷ್ಟು ದೊಡ್ಡ ಮೊಗಸಾಲೆ ಏತಕ್ಕೆಂದರೆ, ಅಲ್ಲಿ ಆಟಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತಿದ್ದವು. ಒಳಗೆ ಕೆಲವು ಸಾವಿರ ಜನ ಕುಳಿತಿರುವಾಗ ಹೊರಗೆ ಇನ್ನೂ ಕೆಲವು ಸಾವಿರ ಜನ ಕಾಯಬೇಕು. ಕಾಯುವ ಬೇಸರವನ್ನು ಕಣ್ಣಿನ ಹಬ್ಬವನ್ನಾಗಿ ಮಾಡುವುದು ಶಿಲ್ಪಿಯ ಚಾತುರ್ಯ.

ಸಭಾಂಗಣದೊಳಗೆ ಬಂದರೆ ಸುಮಾರು ೩,೯೦೦ ಆಸನಗಳು. ಇಂಥ ಮಂದಿರಗಳಲ್ಲಿ ಉಪ್ಪರಿಗೆಗಳನ್ನು ಉಕ್ಕಿನ ಭಾರಿ ತೊಲೆಗಳ ಮೇಲೆ ಹೊರಚಾಚಿ ನಿಲ್ಲಿಸುತ್ತಿದ್ದುದರಿಂದ ಕೆಳಗೆ ಕಂಬಗಳ ಕಾಟವಿಲ್ಲ. ಯಾರ ಕಣ್ಣಿಗೂ ಅಡ್ಡಿಯಿಲ್ಲ. ಸಮವಸ್ತ್ರ ತೊಟ್ಟ ತರುಣರು ಬಂದವರನ್ನು ತಲೆಬಾಗಿ ಕರೆದೊಯ್ದು ಕೂರಿಸುತ್ತಾರೆ. ಇನಾಮು ತೆಗೆದುಕೊಳ್ಳಕೂಡದು, ಗಡುಸಾಗಿ ಮಾತನಾಡಕೂಡದು ಎಂಬುದು ಅವರಿಗೆ ಕಟ್ಟುನಿಟ್ಟಾದ ಆಜ್ಞೆ. ತಾಯಂದಿರು ಕೂಸುಗಳನ್ನು ಒಪ್ಪಿಸಿಹೋಗಲು ಈ ಕೂಟದವರ ಮಂದಿರಗಳಲ್ಲಿ ಬೇರೆ ಕೊಠಡಿಗಳಿದ್ದವು. ಬೆಳಗಿನಿಂದ ಸಂಜೆಯವರೆಗೆ ಯಾರೋ ಒಬ್ಬ ಮೇಸ್ತ್ರಿಯಿಂದ ಗದರಿಸಿಕೊಂಡು ಬಂದ ಮನುಷ್ಯನನ್ನು ಇಲ್ಲಿ 'ದಯಮಾಡಿಸಬೇಕು' ಎಂದು ಬರಮಾಡಿಕೊಳ್ಳುತ್ತಾರೆ. ಇದರ ಬೆಲೆಯನ್ನು ಟಿಕೆಟ್ಟಿನ ಹಣದಿಂದ ಅಳೆಯುವುದು ಹೇಗೆ?

ಇನ್ನು ನಾದ. ಮೂಕಚಿತ್ರಗಳ ಕಾಲದಲ್ಲಿ ವಾದ್ಯವೃಂದಕ್ಕೆ ಜೊತೆಯಾಗಿ ಒಂದು ಮಹಾಯಂತ್ರವಿತ್ತು. ರಾಬರ್ಟ್ ಹೋಪ್-ಜೋನ್ಸ್ ಎಂಬ ಇಂಗ್ಲೀಷಿನವನು ೧೯೧೦ರಲ್ಲಿ ವುರ್ಲಿಟ್ಜರ್ ಎಂಬ ಅಮೆರಿಕನ್ ಸಂಸ್ಥೆಯನ್ನು ಸೇರಿ ಬೆಳಸಿದ ಆರ್ಗನ್ ವಾದ್ಯವದು. ಒಬ್ಬನೇ ಒಬ್ಬ ವಾದಕನು ಮೆಟ್ಟುಗಳ ಮುಂದೆ ಕುಳಿತು ಪಿಟೀಲು, ಕೊಳಲು, ಕಹಳೆಗಳ ಸ್ವರಗಳನ್ನಲ್ಲದೆ, ಗಂಟೆ, ನಗಾರಿ, ಹಕ್ಕಿಯ ಉಲಿ, ಕುದುರೆಯ ಗೊರಸಿನ ಸದ್ದು ಇವೆಲ್ಲವನ್ನೂ ಹೊರಡಿಸಬಲ್ಲನು. ಅವನು ಕುಳಿತ ಪೀಠವೇ ನೆಲದಡಿಯಿಂದ ಮೆಲ್ಲಮೆಲ್ಲನೆ ಬೆಳಕಿಗೆ ಏರಿಬರುವಾಗ ಸಭೆ ಕೈತಟ್ಟುತ್ತಿತ್ತು.

ನಾದದಷ್ಟೇ ಮುಖ್ಯವಾದದ್ದು ಗಾಳಿ. ಮುಂಚೆ ಬೇಸಗೆ ಬಂತೆಂದರೆ ನಾಟಕಶಾಲೆಗಳು ಮುಚ್ಚುತ್ತಿದ್ದವು. ಬಾಲಬನ್ ಸೋದರರಲ್ಲಿ ಬಾರ್ನಿ ಎಂಬುವನು ಮೊದಲು ಶೀತಲ ಉಗ್ರಾಣದ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದವನು. ಮಾಂಸ ಮೊಟ್ಟೆಗಳನ್ನು ಕೆಡದಂತೆ ಕಾಪಾಡುವ ತಂಪು ಮನುಷ್ಯರಿಗೆ ಏಕೆ ದೊರಕಬಾರದೆಂದು ಯೋಚಿಸಿ, ಆ ಕೂಟದವರು ೧೯೧೭ರಲ್ಲಿ ಷಿಕಾಗೋದ ಸೆಂಟ್ರಲ್ ಪಾರ್ಕ್ ಮಂದಿರಕ್ಕೆ ಯಂತ್ರದಿಂದ ತಂಪು ಮಾಡಿದ ಗಾಳಿಯನ್ನು ಹಾಯಿಸಿದರು. ೧೯೨೫ರಲ್ಲಿ ನ್ಯೂಯಾರ್ಕಿನ ರಿವೋಲಿ ಮಂದಿರಕ್ಕೆ ಕ್ಯಾರಿಯರ್ ಎಂಬ ಎಂಜಿನಿಯರನ ಯಂತ್ರ ಬಂತು. ಮನೆಯಲ್ಲಿ ಬೀಸಣಿಗೆಗೂ ಗತಿಯಿಲ್ಲದವರು ಬೇಸಗೆಯ ಮಧ್ಯಾಹ್ನಗಳನ್ನು ಅಲ್ಲಿ ಕಳೆದರು.

ವಾಸ್ತುವಿನ ದೃಷ್ಟಿಯಿಂದ ಈ ಮಂದಿರಗಳಲ್ಲಿ ಎರಡು ಸಂಪ್ರದಾಯಗಳನ್ನು ಗುರುತಿಸಬಹುದು. ಒಂದು, ಲ್ಯಾಂಬ್ ಮತ್ತು ರ‍್ಯಾಪ್ ಸೋದರರದು. ಗುಮ್ಮಟ, ತೂಗುದೀಪ, ಚಿನ್ನದ ಬಳ್ಳಿ, ಒಟ್ಟಿನಲ್ಲಿ ಯೂರೋಪಿನ ಅರಮನೆಯ ನಡುಮನೆ. ಇನ್ನೊಂದನ್ನು ಆಸ್ಟ್ರಿಯಾ ಸಾಮ್ರಾಜ್ಯದ ಚೆರ್ನೊವಿಟ್ಸ್ ಎಂಬಲ್ಲಿ ಹುಟ್ಟಿ ೧೯೦೧ರಲ್ಲಿ ಅಮೆರಿಕಕ್ಕೆ ಬಂದ ಜಾನ್ ಎಬರ್ಸನ್ ಎಂಬುವನು ರೂಢಿಗೆ ತಂದನು. ೧೯೨೩ರಲ್ಲಿ ಹ್ಯೂಸ್ಟನ್ ನಗರದ ಮೆಜೆಸ್ಟಿಕ್ ಮಂದಿರದಲ್ಲಿ ಅವನು ಚಾವಣಿಯನ್ನೇ ಇಲ್ಲವೆನಿಸಿದನು. ಸುತ್ತಲೂ ಇಟಲಿಯ ತೋಟದ ಗೋಡೆಗಳು, ಅವುಗಳ ಮೇಲೆ ನೀಲಿ ಬಳಿದ ಗಚ್ಚಿನ ಬಾಗಿದ ಆಕಾಶ, ಅದರಲ್ಲಿ ಸಣ್ಣ ಸಣ್ಣ ರಂಧ್ರಗಳ ಹಿಂದೆ ಮಿನುಗುವ ದೀಪಗಳೇ ನಕ್ಷತ್ರಗಳು. ಮೂಲೆಯಲ್ಲಿ ಅಡಗಿದ ಯಂತ್ರವೊಂದು ಮೋಡಗಳ ನೆರಳನ್ನು ಆ ಆಕಾಶದಲ್ಲಿ ತೇಲಿಬಿಡುತ್ತದೆ. ಇದರಲ್ಲಿ ಒಂದು ತಮಾಷೆಯುಂಟು. ಬರಿಯ ನೀಲಿ ಗಚ್ಚಿಗೆ ಚಿನ್ನದ ಗುಮ್ಮಟಕ್ಕಿಂತ ಖರ್ಚು ಕಡಮೆ. ಸ್ವರ್ಗವು ಅರಮನೆಗಿಂತ ಅಗ್ಗವಾಗಿ ದೊರೆಯಿತು!

ಯೂರೋಪು ಸಾಲದೆ ಬಂದಾಗ ಶಿಲ್ಪಿಗಳು ಪ್ರಾಚ್ಯದೇಶಗಳಿಗೆ ಕೈಚಾಚಿದರು. ಹಾಲಿವುಡ್ಡಿನಲ್ಲಿ ಸಿಡ್ ಗ್ರೌಮನ್ ಎಂಬುವನು ಈಜಿಪ್ಷಿಯನ್ ಮಂದಿರವನ್ನು ೧೯೨೨ರ ಅಕ್ಟೋಬರ್ ೧೮ರಂದು ತೆರೆದನು. ಮೂರು ವಾರ ತುಂಬುವುದರೊಳಗೆ ಅತ್ತ ಈಜಿಪ್ಟಿನಲ್ಲಿ ತುತಾಂಖಾಮನ್ ದೊರೆಯ ಸಮಾಧಿ ದೊರೆತು, ಲೋಕವೆಲ್ಲ ಈಜಿಪ್ಟಿನ ಮಾತೇ ಆಯಿತು. ೧೯೨೭ರಲ್ಲಿ ಅವನದೇ ಚೈನೀಸ್ ಮಂದಿರ ಬಂತು. ನಟನಟಿಯರ ಹೆಜ್ಜೆಗುರುತುಗಳನ್ನು ಅಂಗಳದ ಸಿಮೆಂಟಿನಲ್ಲಿ ಉಳಿಸಿಕೊಂಡಿರುವುದು ಅದೇ. ಹೊವರ್ಡ್ ಕ್ರೇನ್ ಎಂಬ ಶಿಲ್ಪಿ ಡೆಟ್ರಾಯಿಟ್ ಮತ್ತು ಸೇಂಟ್ ಲೂಯಿ ನಗರಗಳಲ್ಲಿ ಕಟ್ಟಿದ ಎರಡು ಫಾಕ್ಸ್ ಮಂದಿರಗಳಲ್ಲಿ ಭಾರತ, ಬರ್ಮಾ, ಸಯಾಮು, ಚೀನಾ ದೇಶಗಳ ಕಲೆಯ ಲಕ್ಷಣಗಳೆಲ್ಲ ಒಂದೇ ಗೋಡೆಯ ಮೇಲೆ ನೆರೆದಿವೆ. ನಮ್ಮ ಕಣ್ಣಿಗೆ ಅದು ವಿಚಿತ್ರ ಸಂತೆ. ಹಾಗೆಂದು ಕೋಪಿಸಿಕೊಳ್ಳುವ ಮುನ್ನ ವ್ಯಾಪಾರ ಎರಡು ಕಡೆಯಿಂದಲೂ ನಡೆಯಿತೆಂಬುದನ್ನು ನೆನೆಯಬೇಕು. ಅದೇ ಥಾಮಸ್ ಲ್ಯಾಂಬನೇ ೧೯೩೫ರಲ್ಲಿ ಕಲ್ಕತ್ತೆಗೂ ೧೯೩೮ರಲ್ಲಿ ಮುಂಬಯಿಗೂ ಮೆಟ್ರೋ ಚಿತ್ರಮಂದಿರಗಳ ನಕ್ಷೆಗಳನ್ನು ಬರೆದುಕೊಟ್ಟನು. ನಮ್ಮ ಚಿತ್ತಾರ ಅಲ್ಲಿಗೆ ಹೋಯಿತು. ಅಲ್ಲಿಯ ಅರಮನೆ ಇಲ್ಲಿಗೆ ಬಂತು.

ಈಗ ರಸ್ಕಿನ್ನನ ಆಕ್ಷೇಪಣೆಗೆ ಬರೋಣ. ಇದೆಲ್ಲ ಸುಳ್ಳಲ್ಲವೆ? ಸುಳ್ಳೇ. ಆದರೆ ಮೋಸವಲ್ಲ. ಮೋಸವಾಗಬೇಕಾದರೆ ಮೋಸಹೋಗುವವನೊಬ್ಬನಿರಬೇಕು. ನಮ್ಮ ಬಯಲಾಟದಲ್ಲಿ ಕಿರೀಟ ಮರದ್ದೆಂದು ಯಾರಿಗೆ ತಿಳಿಯದು? ಆದರೂ ಅದನ್ನಿಟ್ಟುಕೊಂಡವನು ಬೆಳಗಿನವರೆಗೆ ರಾಜನೇ. ಮೇಲಣ ಆಕಾಶ ಗಚ್ಚಿನದೆಂದು ಅರಿತೂ ಜನ ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಹಗುರವಾದರು. ಗಚ್ಚು ಆಡಿದ ಸುಳ್ಳು ಕಾವ್ಯದ ಸುಳ್ಳಿನ ಜಾತಿಯದು.

ನಿಜವಾದ ಸುಳ್ಳು ಬೇರೆ ಕಡೆ ಇತ್ತು. ಧನಿಕನೂ ಬಡವನೂ ಮೈಗೆ ಮೈ ತಾಗಿಸಿ ಕೂಡತಕ್ಕ ಪ್ರಜಾಪ್ರಭುತ್ವದ ಗುಡಿಯೆಂಬುದು ಈ ಮಂದಿರಗಳ ಹೆಮ್ಮೆಯಷ್ಟೆ. ೧೯೨೯ರ ಕ್ರಿಸ್‌ಮಸ್ ದಿನ ಜಾರ್ಜಿಯ ಪ್ರಾಂತದ ಅಟ್ಲಾಂಟ ನಗರದಲ್ಲಿ ಫಾಕ್ಸ್ ಮಂದಿರ ತೆರೆಯಿತು. ಸುಮಾರು ೪,೬೦೦ ಆಸನಗಳು. ಅರಬ್ಬೀ ಅಂಗಳದಂತಿರುವ ಸಭಾಂಗಣ. ಬಟ್ಟೆಯ ಡೇರೆಯೆಂದೇ ತೋರುವ, ಆದರೆ ಗಚ್ಚಿನಿಂದ ಮಾಡಿದ ಮೇಲ್ಕಟ್ಟು. ಈ ಸೌಂದರ್ಯವನ್ನು ನೋಡಲು ಕಪ್ಪುವರ್ಣದ ಪ್ರಜೆ ಬಂದರೆ ಅವನಿಗೆ ಮೊಗಸಾಲೆ ಇಲ್ಲ. ಟಿಕೆಟ್ಟಿಗೆ ಬೇರೆ ಕಿಟಕಿ. ಹೊರಗೋಡೆಯ ಬೇರೆ ಮೆಟ್ಟಲು. ಮೇಲೆ ಉಪ್ಪರಿಗೆಯಲ್ಲಿ ಬೇರೆ ಜಾಗ. ಹಣ ಪಡೆದು ಅರಸನಾಗಿಸುವೆವೆಂದವರು ಅವನನ್ನು ಹಿತ್ತಲ ಬಾಗಿಲಿನಿಂದ ಹತ್ತಿಸಿದರು. ಅದೇ ನಗರದ ಇನ್ನೊಂದು ಮಂದಿರದಲ್ಲಿ ೧೯೩೯ರ ಡಿಸೆಂಬರಿನಲ್ಲಿ 'ಗಾನ್ ವಿತ್ ದಿ ವಿಂಡ್' ಚಿತ್ರದ ಮೊದಲ ಪ್ರದರ್ಶನ ನಡೆದಾಗ, ಅದರಲ್ಲಿ ನಟಿಸಿದ ಹ್ಯಾಟೀ ಮಕ್‌ಡ್ಯಾನಿಯಲ್ ಎಂಬ ಕಪ್ಪುವರ್ಣದ ಮಹಿಳೆ ಬರುವಂತಿರಲಿಲ್ಲ. ಮರುವರ್ಷ ಅದೇ ಅಭಿನಯಕ್ಕೆ ಆಕೆಗೆ ಅಕಾಡೆಮಿ ಪ್ರಶಸ್ತಿ ಬಂತು. ಇಂಥ ಭೇದವು ನ್ಯಾಯಶಾಸನದಿಂದ ಅಳಿಯಲು ೧೯೬೪ರ ವರೆಗೆ ಕಾಯಬೇಕಾಯಿತು. ಜಾತಿಗೊಂದು ಬಾಗಿಲನ್ನು ಕಂಡುಬಂದ ನಾವು ಇದನ್ನು ಪರರ ದೋಷವೆಂದು ಹೇಳಿ ಸುಮ್ಮನಾಗುವಂತಿಲ್ಲ. ಕಲ್ಲು ಅಪ್ಪಟವೋ ಗಚ್ಚೋ ಎಂದು ತಟ್ಟಿ ನೋಡಿದ ನಮ್ಮ ರಸ್ಕಿನ್ ಬುದ್ಧಿಗೆ, ಮೊದಲು ಬಾಗಿಲನ್ನು ತಟ್ಟಿ ನೋಡಬೇಕೆಂದು ಹೊಳೆದಿರಲಿಲ್ಲ.

ಅರಮನೆಗಳ ಆಯುಷ್ಯ ದೀರ್ಘವಾಗಲಿಲ್ಲ. ೧೯೨೭ರಿಂದೀಚೆಗೆ ವಾಕ್ಚಿತ್ರ ಬಂದು ವಾದ್ಯಗಾರರು ಕೆಲಸ ಕಳೆದುಕೊಂಡರು. ೧೯೨೯ರ ಹಣದ ಮುಗ್ಗಟ್ಟು ಮಾಲೀಕರನ್ನು ಮುರಿಯಿತು. ೧೯೩೨ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆದ, ಸುಮಾರು ಆರು ಸಾವಿರ ಆಸನಗಳ ರೇಡಿಯೋ ಸಿಟಿ ಸಭಾಭವನವು ಈ ಪರಂಪರೆಯ ಕೊನೆಯ ದೊಡ್ಡ ಹೆಸರು. ಅದನ್ನು ತೆರೆಸಿದ ರಾಕ್ಸಿ ೧೯೩೬ರಲ್ಲಿ ತೀರಿಕೊಂಡನು. ೧೯೪೮ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯದ ತೀರ್ಪಿನ ಪರಿಣಾಮವಾಗಿ ಚಿತ್ರ ತಯಾರಿಸುವ ದೊಡ್ಡ ಸಂಸ್ಥೆಗಳು ತಮ್ಮ ಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಟೆಲಿವಿಷನ್ ಮನೆಯೊಳಗೆ ಬಂತು. ಜನ ಮೋಟಾರು ಕೊಂಡು ಊರ ಹೊರಗೆ ಮನೆ ಮಾಡಿದರು. ೧೯೬೦ರಲ್ಲಿ ರಾಕ್ಸಿ ಮಂದಿರವನ್ನು ಕೆಡವಿದರು. ಅದರ ಪ್ರಾರಂಭೋತ್ಸವದ ಚಿತ್ರದಲ್ಲಿ ನಾಯಿಕೆಯಾಗಿದ್ದ ಗ್ಲೋರಿಯಾ ಸ್ವಾನ್ಸನ್ ಆ ಮುರುಕು ಗೋಡೆಗಳ ನಡುವೆ ಕೈಯೆತ್ತಿ ನಿಂತ ಛಾಯಾಚಿತ್ರವೊಂದಿದೆ. ಡೆಟ್ರಾಯಿಟಿನ ಮಿಷಿಗನ್ ಮಂದಿರದ ಗತಿ ಇನ್ನೂ ವಿಚಿತ್ರ. ಹೆನ್ರಿ ಫೋರ್ಡನು ೧೮೯೬ರಲ್ಲಿ ತನ್ನ ಮೊದಲನೆಯ ಮೋಟಾರು ಬಂಡಿಯನ್ನು ಮಾಡಿದ ಕೊಟ್ಟಿಗೆಯಿದ್ದ ನೆಲದ ಮೇಲೆ ೧೯೨೬ರಲ್ಲಿ ಕಟ್ಟಿದ ಆ ಮಂದಿರವನ್ನು ೧೯೭೭ರಲ್ಲಿ ಮೋಟಾರು ನಿಲ್ಲಿಸುವ ಮಾಳಿಗೆಯನ್ನಾಗಿ ಮಾಡಿದರು. ಚಿನ್ನದ ಬಳ್ಳಿಗಳ ಚಾವಣಿ ಈಗಲೂ ಮೇಲಿದೆ. ಕೆಳಗೆ ಪ್ರೇಕ್ಷಕರ ಬದಲು ಕಾರುಗಳ ಸಾಲು.

ಆದರೂ ಕಥೆ ಅಲ್ಲಿಗೇ ಮುಗಿಯಲಿಲ್ಲ. ೧೯೭೦ರ ದಶಕದ ನಡುವೆ ಅಟ್ಲಾಂಟದ ಆ ಫಾಕ್ಸ್ ಮಂದಿರವನ್ನು ಕೆಡವಿ ಕಚೇರಿ ಕಟ್ಟುವ ಮಾತು ಬಂದಾಗ ಊರೇ ಎದ್ದಿತು. ೧೯೭೫ರಲ್ಲಿ ನಾಗರಿಕರ ಸಂಘವೊಂದು ಏರ್ಪಟ್ಟು, ದೊಡ್ಡವರ ದೇಣಿಗೆಯೊಡನೆ ಸಾಮಾನ್ಯರ ಕಾಸನ್ನೂ ಕೂಡಿಹಾಕಿ, ಮಂದಿರವನ್ನು ಕೊಂಡು ಸಾಲವನ್ನು ತೀರಿಸಿತು. ರೇಡಿಯೋ ಸಿಟಿ ಭವನ ೧೯೭೮ರಲ್ಲಿ ಉಳಿಯಿತು. ಷಿಕಾಗೋ ಥಿಯೇಟರು ೧೯೮೬ರಲ್ಲಿ ಮತ್ತೆ ದೀಪ ಹಚ್ಚಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ, ೧೯೭೭ರಿಂದ ಮುಚ್ಚಿ ಮಳೆನೀರು ಸೋರುತ್ತಿದ್ದ ಕಿಂಗ್ಸ್ ಮಂದಿರ ೨೦೧೫ರಲ್ಲಿ ತೆರೆಯಿತು. ಅಟ್ಲಾಂಟದಲ್ಲಿ ಈಗ ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಆ ಮಂದಿರ ತಾನು ಕೊಟ್ಟ ಮಾತನ್ನು ತಡವಾಗಿಯಾದರೂ ನಡಸಿಕೊಟ್ಟಿತು.

ರಸ್ಕಿನ್ನನ ಆರನೆಯ ದೀಪದ ಹೆಸರು ನೆನಪು. ಜೀರ್ಣೋದ್ಧಾರವನ್ನು ಆತ ಒಪ್ಪುತ್ತಿರಲಿಲ್ಲವೆಂಬುದು ನಿಜ. ಆದರೂ ಕಟ್ಟಡದ ಹಿರಿಮೆ ಅದರ ಕಲ್ಲಿನಲ್ಲಿಲ್ಲ, ಅದರೊಳಗೆ ಹಾದುಹೋದ ಜನರ ಬಾಳಿನಲ್ಲಿದೆ ಎಂಬ ಭಾವ ಆತನದೇ. ತಮ್ಮ ತಂದೆತಾಯಿಗಳು ಒಂದು ಸಂಜೆ ಅರಸು ಅರಸಿಯರಂತೆ ಕುಳಿತ ಜಾಗವೆಂದು ಮಕ್ಕಳು ಕಾಸು ಕೂಡಿಸಿ ಕೊಂಡುಕೊಂಡದ್ದು ಗಚ್ಚನ್ನಲ್ಲ. ಎರಡನೆಯ ದೀಪದ ಬೆಳಕಿನಲ್ಲಿ ನಾವು ಗಿಲೀಟೆಂದು ತಳ್ಳಿದ ಒಡವೆಯನ್ನು ಆರನೆಯ ದೀಪದ ಬೆಳಕಿನಲ್ಲಿ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದೇವೆ. ತಾವೂ ಒಮ್ಮೆ ಹಾಗೆ ನೋಡಬೇಕೆಂದು ಕೋರಿ, ಇಲ್ಲಿಗೆ ಈ ಮಾತನ್ನು ಮುಗಿಸುತ್ತೇವೆ.